ಮರಿಗೆ ಒಂದೇ ಚುಚ್ಚುಮದ್ದು ಸಾಲದು

ನಾಯಿಮರಿ ಊಟ ಬಿಟ್ಟು, ಮೇಲಿಂದ ಮೇಲೆ ವಾಂತಿ ಮಾಡಿ, ಭೇದಿಯಲ್ಲಿ ರಕ್ತ ಕಂಡರೆ ಮೊದಲು ಶಂಕಿಸಬೇಕಾದದ್ದು ಪಾರ್ವೊ ರೋಗವನ್ನು. 1978ರ ಹೊತ್ತಿಗೆ ಜಗತ್ತಿನ ಹಲವೆಡೆ ಹಬ್ಬಿದ ಈ ವೈರಸ್ ಕರುಳಿನ ಒಳಪದರವನ್ನೂ ಬಿಳಿ ರಕ್ತಕಣಗಳನ್ನೂ ಒಟ್ಟಿಗೇ ನಾಶಮಾಡುತ್ತದೆ. ‘ಲಸಿಕೆ ಹಾಕಿಸಿದ್ದೆವು, ಆದರೂ ಮರಿ ಉಳಿಯಲಿಲ್ಲ’ ಎಂದು ನೊಂದು ಹೇಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ ಹೆಚ್ಚಿನ ಸಲ ತಪ್ಪು ಲಸಿಕೆಯದಲ್ಲ, ಅರ್ಧಕ್ಕೆ ನಿಂತ ಸರಣಿಯದು. ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ಪ್ರತಿಕಾಯಗಳು ರೋಗವನ್ನು ತಡೆಯುವಂತೆಯೇ ಲಸಿಕೆಯನ್ನೂ ನಿಷ್ಫಲಗೊಳಿಸುತ್ತವೆ. ಅವು ಕರಗುವ ಕಾಲ ಒಂದೇ ಸೂಲಿನ ಮರಿಗಳಲ್ಲೂ ಬೇರೆಬೇರೆ. ಆ ದಿನವನ್ನು ಕಣ್ಣಳತೆಯಲ್ಲಿ ಹೇಳಲಾಗದು. ಆದ್ದರಿಂದಲೇ 6ರಿಂದ 8ನೇ ವಾರಕ್ಕೆ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಲಸಿಕೆ ಕೊಡಿಸಬೇಕು.

ಮನೆಯೊಳಗೇ ಇರುವ ಮರಿಗೆ ಇದೆಲ್ಲ ಏಕೆ ಎಂಬ ಪ್ರಶ್ನೆಯೂ ಸಹಜವೇ. ವೈರಸ್ ನಮ್ಮ ಚಪ್ಪಲಿಗೆ ಅಂಟಿಕೊಂಡು ಒಳಬರುತ್ತದೆ, ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಎಷ್ಟೋ ಸಾಮಾನ್ಯ ನೆಲ ಒರೆಸುವ ದ್ರವಗಳಿಗೆ ಬಗ್ಗದು, ಬ್ಲೀಚಿಂಗ್ ದ್ರಾವಣ ಬೇಕು. ಖರ್ಚಿನ ಆಕ್ಷೇಪಕ್ಕಂತೂ ದಿನಗಟ್ಟಲೆ ಡ್ರಿಪ್ ಹಾಕಿಸಿದವರ ಆಸ್ಪತ್ರೆ ಬಿಲ್ಲೇ ಉತ್ತರ.