ಆಟ ನಮ್ಮದು, ಅಚ್ಚು ಯಾರದು?

ಚೌಕಾಬಾರ ಆಡಲು ಏನು ಬೇಕು? ಒಂದು ಚೂರು ಸೀಮೆಸುಣ್ಣ, ನಾಲ್ಕು ಕವಡೆ, ಒಂದಿಷ್ಟು ಬಳೆಚೂರು. ಅಳಗುಳಿಮಣೆಗೆ ಹುಣಿಸೆಬೀಜವಿದ್ದರೆ ಸಾಕು. ಆ ಆಟಗಳನ್ನು ಕಂಡುಹಿಡಿದವರಿಗೆ ನಾವ್ಯಾರೂ ಬಾಡಿಗೆ ಕಟ್ಟಿಲ್ಲ. ಇಂದಿನ ಮಕ್ಕಳು ಮೊಬೈಲಿನಲ್ಲಿ ಆಡುವ ಆಟದ ಕಥೆ ಬೇರೆ. ಅದನ್ನು ತಯಾರಿಸಲು ‘ಗೇಮ್ ಎಂಜಿನ್’ ಎಂಬ ತಂತ್ರಾಂಶ ಬೇಕು. ಚೆಂಡು ಬಿದ್ದರೆ ಪುಟಿಯಬೇಕು, ದೀಪ ಹಚ್ಚಿದರೆ ನೆರಳು ಬೀಳಬೇಕು, ಬೆರಳು ಮುಟ್ಟಿದರೆ ಗೊಂಬೆ ಓಡಬೇಕು. ಇದನ್ನೆಲ್ಲ ಎಂಜಿನ್ ನೋಡಿಕೊಳ್ಳುತ್ತದೆ. ಕಥೆ, ಚಿತ್ರ, ನಿಯಮಗಳು ಆಟ ಕಟ್ಟುವವರದು. ಎಂಜಿನ್ ಮಾತ್ರ ಇನ್ನೊಬ್ಬರದು. ಅದಕ್ಕೆ ಎಷ್ಟು ಕೊಡಬೇಕು? ಯಾವಾಗ ಕೊಡಬೇಕು? ನಡುವೆ ಕರಾರು ಬದಲಾದರೆ ಏನು ಗತಿ?

ನಾನು ಶಿವಾಜಿನಗರ, ಹಲಸೂರು ಕಡೆಯ ಬ್ಯಾಂಕ್ ಶಾಖೆಗಳಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಓದಿದ್ದು ಬಿ.ಕಾಂ. ಕಂಪ್ಯೂಟರ್ ಆಟ ಆಡಲು ನನಗೆ ಬಾರದು, ಆದರೆ ಕರಾರುಪತ್ರ ಓದಲು ಬರುತ್ತದೆ. ಎಂಜಿನ್ನುಗಳ ಕರಾರು ಓದುವ ಸಂದರ್ಭ 2023ರ ಸೆಪ್ಟೆಂಬರಿನಲ್ಲಿ ಒದಗಿತು. ಹಲಸೂರು ಕೆರೆಯ ಹತ್ತಿರದ ನಮ್ಮ ಬೀದಿಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಇಂದಿರಾನಗರದ ಕೆಲಸ ಬಿಟ್ಟು, ಗೆಳತಿಯೊಬ್ಬಳ ಜೊತೆ ಸೇರಿ ಸ್ವಂತ ಆಟ ಕಟ್ಟುತ್ತಿದ್ದಳು. ಸಿಟಿ ಬಸ್ಸಿನ ಕಂಡಕ್ಟರಮ್ಮನ ಆಟ, ಮಾತೆಲ್ಲ ಕನ್ನಡದಲ್ಲಿ.

“ಸಾರ್, ಇವಳ ಕಂಪ್ಯೂಟರಿಗೆ ಅಂತ ಎಫ್‌ಡಿ ಮುರಿಸಿದ್ದೀನಿ. ಈಗ ನೋಡಿದರೆ, ಜನ ಆಟ ಇಳಿಸಿಕೊಂಡಷ್ಟೂ ಕಂಪನಿಗೆ ದುಡ್ಡು ಕಟ್ಟಬೇಕಂತೆ. ನೀವೊಂದ್ಸಲ ಓದಿ ಹೇಳಿ” ಎಂದರು ತಾಯಿ.

ತಲೆಗೆ ಇಪ್ಪತ್ತು ಸೆಂಟ್

ಅವರು ಹೇಳಿದ್ದು ಯೂನಿಟಿ ಎಂಬ ಎಂಜಿನ್ನಿನ ವಿಷಯ. 2005ರಲ್ಲಿ ಹೊರಬಂದ ಇದು, ಮೊಬೈಲ್ ಆಟಗಳ ಲೋಕದಲ್ಲಿ ಎಲ್ಲರಿಗಿಂತ ದೊಡ್ಡ ಹೆಸರುಗಳಲ್ಲೊಂದು. ಸಣ್ಣವರಿಗೆ ಉಚಿತ, ದೊಡ್ಡವರಿಗೆ ವಾರ್ಷಿಕ ಚಂದಾ ಎಂಬುದು ಅದರ ಹಳೆಯ ಪದ್ಧತಿ. 2023ರ ಸೆಪ್ಟೆಂಬರ್ 12ರಂದು ಕಂಪನಿ ಹೊಸ ಶುಲ್ಕ ಸಾರಿತು. ಉಚಿತ ಯೋಜನೆಯಲ್ಲಿರುವ ಆಟವೊಂದು ಹನ್ನೆರಡು ತಿಂಗಳಲ್ಲಿ 2 ಲಕ್ಷ ಡಾಲರ್ ಗಳಿಸಿ, ಒಟ್ಟು 2 ಲಕ್ಷ ಸಲ ಇಳಿಕೆಯಾಗಿದ್ದರೆ, ಆಮೇಲಿನ ಪ್ರತಿ ಇಳಿಕೆಗೆ 20 ಸೆಂಟ್, ಅಂದರೆ ಅಂದಿನ ಲೆಕ್ಕದಲ್ಲಿ ಹದಿನಾರು ರೂಪಾಯಿಗೂ ಮಿಕ್ಕಿ. ಭಾರತದಂಥ ದೇಶಗಳಲ್ಲಿ ಇಳಿಸಿಕೊಂಡರೆ 2 ಸೆಂಟ್. 2024ರ ಜನವರಿ 1ರಿಂದ ಜಾರಿ. ಈಗಾಗಲೇ ಮಾರುಕಟ್ಟೆಯಲ್ಲಿದ್ದ ಹಳೆಯ ಆಟಗಳಿಗೂ ಇದು ಅನ್ವಯ.

ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ಒಂದು ಆಟ ಉಚಿತ. ಜಾಹೀರಾತಿನಿಂದ ವರ್ಷಕ್ಕೆ 2,10,000 ಡಾಲರ್ ಬರುತ್ತದೆ ಎನ್ನಿ. ಮಿತಿ ದಾಟಿದ ಮೇಲೆ 40 ಲಕ್ಷ ಜನ ಅದನ್ನು ಇಳಿಸಿಕೊಂಡರು. ಎಲ್ಲರೂ ಸಿರಿವಂತ ದೇಶದವರಾದರೆ ಶುಲ್ಕ ಎಷ್ಟು? 8 ಲಕ್ಷ ಡಾಲರ್! ಗಳಿಸಿದ್ದರ ನಾಲ್ಕು ಪಾಲಿಗೆ ಹತ್ತಿರ. ಎಲ್ಲರೂ ಭಾರತದವರಾದರೂ 80,000 ಡಾಲರ್. ವರಮಾನದ ಮೂರನೇ ಒಂದಕ್ಕಿಂತ ಹೆಚ್ಚು. ವರಮಾನ ಬರುವುದು ಒಂದು ಲೆಕ್ಕದಲ್ಲಿ, ಶುಲ್ಕ ಬೀಳುವುದು ಇನ್ನೊಂದು ಲೆಕ್ಕದಲ್ಲಿ ಆದಾಗ ಹೀಗಾಗುತ್ತದೆ.

ಲೆಕ್ಕ ಹಾಕಿ ನಾನು ಹುಡುಗಿಗೆ ಹೇಳಿದೆ: “ನಿನಗಿದು ತಟ್ಟುವುದಿಲ್ಲಮ್ಮ. 2 ಲಕ್ಷ ಡಾಲರ್ ಅಂದರೆ ಒಂದೂವರೆ ಕೋಟಿ ರೂಪಾಯಿಗಿಂತ ಜಾಸ್ತಿ.”

“ದುಡ್ಡಿನ ಭಯ ಅಲ್ಲ ಅಂಕಲ್. ಇವತ್ತು ಹೀಗೆ ಬದಲಾಯಿಸಿದವರು ನಾಳೆ ಇನ್ನೊಂಥರ ಬದಲಾಯಿಸಿದರೆ? ಆಟ ಅರ್ಧ ಕಟ್ಟಿದ ಮೇಲೆ ಎಂಜಿನ್ ಬದಲಿಸೋಕೆ ಆಗಲ್ಲ” ಎಂದಳು.

ಬ್ಯಾಂಕಿನ ಸಾಲಪತ್ರದಲ್ಲಿ ‘ಬಡ್ಡಿದರ ಕಾಲಕಾಲಕ್ಕೆ ಬದಲಾಗಬಹುದು’ ಎಂಬ ಸಾಲು ಇರುತ್ತದಲ್ಲ, ಅವಳ ಆತಂಕ ಅದೇ ಸಾಲಿನದು. ಸಾಲವನ್ನಾದರೂ ಇನ್ನೊಂದು ಬ್ಯಾಂಕಿಗೆ ವರ್ಗಾಯಿಸಬಹುದು. ಒಂದು ಎಂಜಿನ್ನಿಗೆ ಬರೆದ ಆಟವನ್ನು ಇನ್ನೊಂದಕ್ಕೆ ಒಯ್ಯಬೇಕೆಂದರೆ ಬಹುಪಾಲು ಮತ್ತೆ ಬರೆಯಬೇಕು.

ಜಗತ್ತಿನಾದ್ಯಂತ ಆಟ ಕಟ್ಟುವವರು ಗದ್ದಲ ಎಬ್ಬಿಸಿದರು. ಹತ್ತೇ ದಿನಕ್ಕೆ ಕಂಪನಿ ಶುಲ್ಕವನ್ನು ಸಡಿಲಿಸಿತು: ಉಚಿತ ಯೋಜನೆಯವರಿಗೆ ಶುಲ್ಕವಿಲ್ಲ, ಉಳಿದವರಿಗೆ ವರಮಾನದ ಶೇ. 2.5ರ ಮಿತಿ. ಅಕ್ಟೋಬರ್ 9ರಂದು ಮುಖ್ಯಸ್ಥ ಜಾನ್ ರಿಚಿಟಿಯೆಲೊ ಹುದ್ದೆ ಬಿಟ್ಟರು. ನಮ್ಮ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಮೆಟ್ರೊ ಓಡಲು ಶುರುವಾದ ದಿನವೂ ಅದೇ. ಸರಿಯಾಗಿ ಒಂದು ವರ್ಷಕ್ಕೆ, 2024ರ ಸೆಪ್ಟೆಂಬರ್ 12ರಂದು, ಆ ಶುಲ್ಕವನ್ನೇ ರದ್ದು ಮಾಡಿದರು. ಜೊತೆಗೆ ಚಂದಾ ಏರಿತು: 2025ರ ಆರಂಭದಿಂದ ವೃತ್ತಿಪರ ಯೋಜನೆಗೆ ತಲೆಗೆ ವರ್ಷಕ್ಕೆ 2,200 ಡಾಲರ್.

ಬಾಡಿಗೆ, ಪಾಲು, ಕ್ರಯ, ಊರಬಾವಿ

ಹುಡುಗಿಯ ಜೊತೆ ಕೂತು ನಾನು ನಾಲ್ಕು ಕಾಲಂ ಎಳೆದೆ.

ಮೊದಲನೆಯದು ಬಾಡಿಗೆ: ಯೂನಿಟಿಯ ಚಂದಾದಂತೆ. ಗಳಿಕೆ ಸಣ್ಣದಿದ್ದಾಗ ಬಾಡಿಗೆ ಮಾಫಿ.

ಎರಡನೆಯದು ಪಾಲು: ಹೊಲ ಒಬ್ಬರದು, ಬೆಳೆಯಲ್ಲಿ ಭಾಗ. ಎಪಿಕ್ ಕಂಪನಿಯ ಅನ್ರಿಯಲ್ ಎಂಜಿನ್ ಹೀಗೆ ನಡೆಯುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ಹೊರತಂದ ‘ರಾಜಿ’ ಆಟ ಇದರಲ್ಲೇ ಆದದ್ದು. ಆಟ ಒಟ್ಟು 10 ಲಕ್ಷ ಡಾಲರ್ ಗಳಿಸುವವರೆಗೆ ಏನೂ ಕೊಡಬೇಕಿಲ್ಲ, ಆಮೇಲಿನದಕ್ಕೆ ಶೇ. 5. ಆದರೆ ಇದು ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ. ಸ್ಟೀಮ್‌ನಂಥ ಆಟದ ಅಂಗಡಿ ನೂರಕ್ಕೆ ಮೂವತ್ತು ಹಿಡಿದುಕೊಂಡರೂ ಎಂಜಿನ್ನಿನ ಐದು ಪೂರ್ತಿ ನೂರರ ಮೇಲೇ. ಕೈಗೆ ಅರವತ್ತೈದು.

ಮೂರನೆಯದು ಕ್ರಯ: ಒಮ್ಮೆ ಕೊಟ್ಟರೆ ಮುಗಿಯಿತು. 1999ರಲ್ಲಿ ಹಾಲೆಂಡಿನ ಪ್ರಾಧ್ಯಾಪಕ ಮಾರ್ಕ್ ಓವರ್ಮಾರ್ಸ್ ಶುರುಮಾಡಿದ ಗೇಮ್‌ಮೇಕರ್, 2023ರ ನವೆಂಬರಿನಿಂದ ಹವ್ಯಾಸಿಗಳಿಗೆ ಉಚಿತ. ಆಟ ಮಾರುವವರಿಗೆ ಒಂದೇ ಸಲಕ್ಕೆ ಸುಮಾರು 100 ಡಾಲರ್.

ನಾಲ್ಕನೆಯದು ಊರಬಾವಿ: ಯಾರು ಬೇಕಾದರೂ ಸೇದಬಹುದು. ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ ಮತ್ತು ಅರಿಯೆಲ್ ಮಂಜೂರ್ ಕಟ್ಟಿದ ಗೊಡೊ ಎಂಜಿನ್ನಿನ ಮೂಲಸಂಕೇತವನ್ನು 2014ರಲ್ಲಿ ಎಂಐಟಿ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟರು. ಶುಲ್ಕವಿಲ್ಲ, ಪಾಲಿಲ್ಲ. ಪರವಾನಗಿಯ ಒಕ್ಕಣೆಯನ್ನು ಆಟದ ಜೊತೆ ಇಡಬೇಕು, ಅಷ್ಟೇ. ಒಮ್ಮೆ ಕೊಟ್ಟ ಈ ಅನುಮತಿಯನ್ನು ಆ ಆವೃತ್ತಿಯ ಮಟ್ಟಿಗೆ ಯಾರೂ ಹಿಂದಕ್ಕೆ ಪಡೆಯಲಾರರು. ಹಾಗೆಂದು ಎಲ್ಲವೂ ಬಿಟ್ಟಿಯಲ್ಲ. ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಗಳ ತಾಂತ್ರಿಕ ಗುಟ್ಟನ್ನು ಅವುಗಳ ಕಂಪನಿಗಳು ಬಯಲು ಮಾಡಲು ಬಿಡುವುದಿಲ್ಲ. ಹಾಗಾಗಿ ಗೊಡೊದ ಆಟವನ್ನು ಅಲ್ಲಿಗೆ ಒಯ್ಯಲು ಬೇರೆ ಸಂಸ್ಥೆಗಳಿಗೆ ಹಣ ತೆರಬೇಕಾಗುತ್ತದೆ.

ಒತ್ತಕ್ಷರದ ಪ್ರಶ್ನೆ

ದುಡ್ಡಿನಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ: ಎಂಜಿನ್ನಿಗೆ ನಮಗೆ ಬೇಕಾದ್ದನ್ನು ಸೇರಿಸಬಹುದೇ? ಕನ್ನಡದವರಿಗೆ ಇದು ನೇರವಾಗಿ ತಟ್ಟುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಆಯಿತು. ನಮ್ಮಲ್ಲಿ ಒತ್ತು ಕೆಳಗೆ ಹೋಗಬೇಕು, ಗುಣಿತ ತಲೆಯ ಮೇಲೆ ಕೂರಬೇಕು. ಆ ಬುದ್ಧಿ ಇಲ್ಲದ ಎಂಜಿನ್ ‘ಅಕ್ಕ’ ಎಂಬುದನ್ನು ‘ಅಕ್‌ಕ’ ಎಂದು ಮುರಿದು ತೋರಿಸುತ್ತದೆ. ಗೊಡೊದ ಮೂರನೇ ಆವೃತ್ತಿಯಲ್ಲಿ ಹೀಗೇ ಆಗುತ್ತಿತ್ತು. ಮೂಲಸಂಕೇತ ತೆರೆದಿದ್ದರಿಂದ, ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ಅದಕ್ಕೆ ಜೋಡಿಸಿ, 2023ರ ಮಾರ್ಚಿನಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಸರಿಪಡಿಸಿದರು. ಹೊರಗಿನವರು ಹೊಸ ಸೌಲಭ್ಯ ಬರೆದು ಸಿಕ್ಕಿಸಲೂ ಅದರಲ್ಲಿ ಏರ್ಪಾಡಿದೆ. ಯೂನಿಟಿಯಲ್ಲಿ ಬಹುಕಾಲ ರೂಢಿಯಲ್ಲಿದ್ದ ಅಕ್ಷರ ಸಲಕರಣೆಗೆ ಭಾರತೀಯ ಲಿಪಿ ಸರಿಯಾಗಿ ಬರುತ್ತಿರಲಿಲ್ಲ. ಎಂಜಿನ್ನಿನ ಒಳಭಾಗ ಮುಚ್ಚಿದ್ದರಿಂದ ಬಳಸುವವರು ಬೇರೆಯವರ ಸೇರ್ಪಡೆಗಳನ್ನು ಅವಲಂಬಿಸಬೇಕಿತ್ತು.

ಹುಡುಗಿ ಮೂರು ತಿಂಗಳ ಕೆಲಸ ಬದಿಗಿಟ್ಟು ಗೊಡೊಗೆ ಬದಲಾದಳು. ತಾಯಿಗೆ ಆ ಮೂರು ತಿಂಗಳೂ ಎಫ್‌ಡಿಯ ಹಣವೇ. “ಹೋದರೆ ಹೋಗಲಿ ಸಾರ್, ಮುಂದಕ್ಕೆ ಯಾರ ಹತ್ರಾನೂ ಕೈಕಟ್ಟಿ ನಿಲ್ಲೋದು ಬೇಡ” ಎಂದರು. ಅವಳ ಗೆಳತಿಗೆ ಇದು ಒಪ್ಪಿಗೆಯಾಗಲಿಲ್ಲ. ಯೂನಿಟಿ ಕಲಿತವರಿಗೆ ಕೆಲಸ ಬೇಗ ಸಿಗುತ್ತದೆ ಎಂಬುದು ಅವಳ ವಾದ. ಅದರಲ್ಲೂ ಹುರುಳಿದೆ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರುಮಾಡಿದಾಗಿನಿಂದ ಈ ಉದ್ಯಮ ಬೆಂಗಳೂರಿನಲ್ಲಿ ಬೇರುಬಿಟ್ಟಿದೆ. 2019ರಲ್ಲಿ ಆ ಸಂಸ್ಥೆಯನ್ನು ಅಮೆರಿಕದ ರಾಕ್‌ಸ್ಟಾರ್ ಕೊಂಡಿತು. ಅಂಥ ಕಡೆ ಸಂಬಳಕ್ಕೆ ಸೇರುವವರು ನೋಡಬೇಕಾದ್ದು ಬೇರೆ, ಸ್ವಂತ ಆಟ ಮಾರುವವರು ನೋಡಬೇಕಾದ್ದು ಬೇರೆ.

ನಿಮ್ಮ ಮನೆಯಲ್ಲೂ ಆಟ ಕಟ್ಟುವ ಮಗುವಿದ್ದರೆ, ಕರಾರಿನಲ್ಲಿ ಇಷ್ಟನ್ನು ಹುಡುಕಿ: ಉಚಿತ ಎಂಬುದು ಎಷ್ಟು ಗಳಿಕೆಯವರೆಗೆ? ಶುಲ್ಕ ವರಮಾನದ ಮೇಲೋ, ತಲೆಯ ಮೇಲೋ? ಹಳೆಯ ಆವೃತ್ತಿಗೆ ಹಳೆಯ ಕರಾರೇ ಉಳಿಯುತ್ತದೆಯೇ? ಕಂಪನಿ ಮುಚ್ಚಿದರೆ ಆಟ ಓಡುತ್ತದೆಯೇ? ಕನ್ನಡ ಸರಿಯಾಗಿ ಮೂಡುತ್ತದೆಯೇ? ಕೊನೆಯದನ್ನು ಪರೀಕ್ಷಿಸಲು ಐದು ನಿಮಿಷ ಸಾಕು: ‘ಜ್ಯೋತ್ಸ್ನಾ’ ಎಂದು ಟೈಪ್ ಮಾಡಿ ನೋಡಿ.

ಹತ್ತು ವರ್ಷದೊಳಗಿನವರಿಗೆ ಇದ್ಯಾವುದರ ಗೊಡವೆಯೂ ಬೇಡ. ಅಮೆರಿಕದ ಎಂಐಟಿ ಸಂಸ್ಥೆಯವರು 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಪೂರ್ತಿ ಉಚಿತ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ಆಟ ಸಿದ್ಧ. ಈ ರಜೆಯಲ್ಲಿ ಅದರಲ್ಲೊಂದು ಚೌಕಾಬಾರ ಕಟ್ಟಿ ನೋಡಿ. ಕವಡೆ ಎಸೆದಾಗ ನಾಲ್ಕು ಎಷ್ಟು ಸಲ ಬೀಳಬೇಕು ಎಂಬ ಲೆಕ್ಕ ಮಾತ್ರ ನೀವೇ ಹಾಕಬೇಕು.