ಕೆಲಸವಿಲ್ಲದ ದಿನಗಳಲ್ಲಿ ಸ್ವಯಂಸೇವೆ: ರೆಸ್ಯೂಮೆಗೆ ಬಲ ಬರುವುದು ಯಾವಾಗ?

'ಪದವಿ ಮುಗಿದು ವರ್ಷವಾಯಿತಲ್ಲ, ಇಷ್ಟು ದಿನ ಏನು ಮಾಡುತ್ತಿದ್ದಿರಿ?' ಸಂದರ್ಶನಕ್ಕೆ ಹೋದ ಉದ್ಯೋಗಾಕಾಂಕ್ಷಿಗಳನ್ನು ತಬ್ಬಿಬ್ಬುಗೊಳಿಸುವ ಪ್ರಶ್ನೆ ಇದು. ಆ ಖಾಲಿ ತಿಂಗಳುಗಳಲ್ಲಿ ಸಂಬಳ ಇಲ್ಲದಿದ್ದರೂ ಕೆಲಸ ಇತ್ತು ಎಂದು ತೋರಿಸುವ ದಾರಿಗಳಲ್ಲಿ ಸ್ವಯಂಸೇವೆಯೂ ಒಂದು. ಆದರೆ ಎಲ್ಲ ಸೇವೆಯೂ ರೆಸ್ಯೂಮೆಗೆ ಬಲ ತುಂಬುವುದಿಲ್ಲ.

2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭವಾದ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯು, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ನೀಡಲು ರೂಪುಗೊಂಡಿತು. ಈ ಹಣ ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಒದಗೀತು. ಅನುಭವವನ್ನು ಅಭ್ಯರ್ಥಿಯೇ ಗಳಿಸಬೇಕು.

ಅಧ್ಯಯನ ಹೇಳುವುದೇನು?

ಅಮೆರಿಕದ ರಾಷ್ಟ್ರೀಯ ಸೇವಾ ಸಂಸ್ಥೆಯೊಂದು 2002ರಿಂದ 2012ರವರೆಗಿನ ಸಮೀಕ್ಷಾ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿತು. ನಿರುದ್ಯೋಗಿಗಳ ಪೈಕಿ ಸ್ವಯಂಸೇವೆ ಮಾಡಿದವರಿಗೆ ಕೆಲಸ ದೊರೆಯುವ ಸಂಭವ, ಮಾಡದವರಿಗಿಂತ ಶೇ 27ರಷ್ಟು ಹೆಚ್ಚಿತ್ತು. ಪ್ರೌಢಶಿಕ್ಷಣ ಪೂರೈಸದವರಲ್ಲಿ ಈ ಅಂತರ ಶೇ 51, ಗ್ರಾಮೀಣರಲ್ಲಿ ಶೇ 55. ಹಾಗೆಂದು ಸೇವೆಯೇ ಕೆಲಸ ಕೊಡಿಸಿತು ಎನ್ನಲಾಗದು. ಉತ್ಸಾಹ, ಜನಸಂಪರ್ಕ ಹೆಚ್ಚಿರುವವರೇ ಸೇವೆಗೂ ಮುಂದಾಗಿರಬಹುದು.

ಆಯ್ಕೆ ಹೇಗೆ?

ಬಯಸುವ ಹುದ್ದೆಗೂ ಮಾಡುವ ಸೇವೆಗೂ ನಂಟಿರಬೇಕು. ಬಿ.ಕಾಂ. ಪದವೀಧರರು ಸೇವಾ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳಬಹುದು. ಬಿ.ಇಡಿ. ಮುಗಿಸಿದವರು ಮಕ್ಕಳಿಗೆ ಓದು ಕಲಿಸಬಹುದು. ಕಂಪ್ಯೂಟರ್ ಓದಿದವರಿಗೆ ಮುಕ್ತ ತಂತ್ರಾಂಶ, ಬರವಣಿಗೆ ಬಲ್ಲವರಿಗೆ ಕನ್ನಡ ವಿಕಿಪೀಡಿಯ ತೆರೆದಿದೆ. ಇವುಗಳಲ್ಲಿ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ ತಾನಾಗಿಯೇ ಉಳಿಯುತ್ತದೆ. ಸಂದರ್ಶಕರು ಅದನ್ನು ಸ್ವತಃ ನೋಡಬಹುದು. 15ರಿಂದ 29 ವರ್ಷದವರಿಗಾಗಿ ಕೇಂದ್ರ ಸರ್ಕಾರ 2023ರ ಅಕ್ಟೋಬರ್ 31ರಂದು ಆರಂಭಿಸಿದ 'ಮೈ ಭಾರತ್' ವೇದಿಕೆಯ ಮೂಲಕವೂ ಅವಕಾಶ ಹುಡುಕಬಹುದು.

ಬರೆಯುವುದು ಹೇಗೆ?

'ಸಮಾಜಸೇವೆ ಮಾಡಿದ್ದೇನೆ' ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. 'ವಾರಕ್ಕೆ 10 ಗಂಟೆಯಂತೆ ನಾಲ್ಕು ತಿಂಗಳು ಟ್ರಸ್ಟ್‌ನ ವೋಚರ್‌ಗಳನ್ನು ಟ್ಯಾಲಿಯಲ್ಲಿ ದಾಖಲಿಸಿದೆ' ಎಂದರೆ ಕೌಶಲ, ಅವಧಿ, ಶಿಸ್ತು ಮೂರೂ ಒಮ್ಮೆಗೇ ಗೊತ್ತಾಗುತ್ತವೆ. ಅದು ಸ್ವಯಂಸೇವೆ ಎಂಬುದನ್ನು ಮರೆಮಾಚಬಾರದು. ನೌಕರಿ ಎಂದು ಬರೆದರೆ ಪರಿಶೀಲನೆಯ ವೇಳೆ ಸಿಕ್ಕಿಬೀಳುವುದು ಖಚಿತ. ಸೇವೆ ಮುಗಿದೊಡನೆ ಸಂಸ್ಥೆಯ ಮುಖ್ಯಸ್ಥರಿಂದ ಪತ್ರ ಪಡೆದಿಟ್ಟುಕೊಳ್ಳುವುದು ಜಾಣತನ.

ಎಚ್ಚರ ಅಗತ್ಯ

ಲಾಭಕ್ಕಾಗಿ ನಡೆಯುವ ಕಂಪನಿಯು ಅನುಭವದ ಆಸೆ ತೋರಿಸಿ ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಂಡರೆ ಅದು ಸೇವೆಯಲ್ಲ, ಬಿಟ್ಟಿ ಚಾಕರಿ. ಅಪ್ರೆಂಟಿಸ್‌ಗಳಿಗೆ ಸ್ಟೈಪೆಂಡ್ ಕೊಡಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಮನೆಯ ಖರ್ಚು ಹೊರಬೇಕಾದವರು ಮೊದಲು ಅಪ್ರೆಂಟಿಸ್‌ಷಿಪ್‌ಗೆ ಪ್ರಯತ್ನಿಸುವುದು ಲೇಸು.

ಉಳಿದವರೂ ಸೇವೆಗೆ ಗಂಟೆಗಳ ಮಿತಿ ಹಾಕಿಕೊಳ್ಳಬೇಕು. ಅರ್ಜಿ ಹಾಕಲು, ಸಂದರ್ಶನಕ್ಕೆ ಸಿದ್ಧವಾಗಲು ಸಮಯ ಉಳಿಯದಿದ್ದರೆ ರೆಸ್ಯೂಮೆ ತುಂಬೀತು, ಅದನ್ನು ನೋಡುವವರೇ ಇರಲಾರರು.