ಬೇಸಿಗೆಗಷ್ಟೇ ಏಳುವ ನಡುಗಡ್ಡೆ

ಕೊಪ್ಪದ ಕಡೆಯ ಮೇಗುಂದದ ಮಳೆಗೆ ಎರಡು ದಾರಿ. ಜಯಪುರದ ಸುತ್ತಿನ ಗುಡ್ಡಗಳಲ್ಲಿ ಪಡುವಣ ಮಗ್ಗುಲಿಗೆ ಬಿದ್ದದ್ದು ಹಳ್ಳ ಹಿಡಿದು ತುಂಗೆ ಸೇರುತ್ತದೆ. ಮೂಡಣ ಮಗ್ಗುಲಿನದು ಬಾಳೆಹೊನ್ನೂರಿನ ಕಡೆ ಇಳಿದು ಭದ್ರೆಯ ಪಾಲಾಗುತ್ತದೆ. ಎರಡೂ ಹೊಳೆಗಳು ಹುಟ್ಟುವುದು ಗಂಗಾಮೂಲದ ಒಂದೇ ಬೆಟ್ಟದಲ್ಲಿ, ಕೂಡುವುದು ಶಿವಮೊಗ್ಗದಾಚೆಯ ಕೂಡ್ಲಿಯಲ್ಲಿ. ನಡುವಿನ ದಾರಿಯಲ್ಲಿ ಮಾತ್ರ ಇಬ್ಬರ ಬದುಕೂ ಬೇರೆ ಬೇರೆ. ತುಂಗೆಗೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ ಎಂದು ಊರೂರಿಗೂ ಸ್ನಾನಘಟ್ಟ, ಮೀನಿಗೆ ಮಂಡಕ್ಕಿ ಹಾಕುವ ಮಕ್ಕಳು, ಯಾತ್ರಿಕರ ಗದ್ದಲ. ಭದ್ರೆ ಕಳಸ, ಬಾಳೆಹೊನ್ನೂರು, ಖಾಂಡ್ಯ ಮುಗಿಸಿಕೊಂಡು ಕಾಡು ಹೊಕ್ಕವಳು ನರಸಿಂಹರಾಜಪುರದ (ಎನ್.ಆರ್.ಪುರ) ಹೊತ್ತಿಗೆ ಹರಿಯುವುದನ್ನೇ ಬಿಟ್ಟು ಅಗಲವಾಗಿ ನಿಂತುಬಿಡುತ್ತಾಳೆ. ಅಲ್ಲಿಂದ ಲಕ್ಕವಳ್ಳಿಯ ಕಟ್ಟೆಯವರೆಗೂ ಹಿನ್ನೀರು.

ಈ ಹಿನ್ನೀರಿನಲ್ಲಿ, ಲಕ್ಕವಳ್ಳಿಗೆ ಹತ್ತಿರದಲ್ಲಿ, ವರ್ಷದಲ್ಲಿ ಕೆಲವೇ ತಿಂಗಳು ಇರುವ ನಡುಗಡ್ಡೆಯೊಂದಿದೆ. ದೋಣಿಯಲ್ಲಿ ಮಾತ್ರ ಹತ್ತಿರ ಹೋಗಬಹುದು. ಹೋದರೂ ಇಳಿಯುವಂತಿಲ್ಲ. ಮರವಿಲ್ಲ, ನೆರಳಿಲ್ಲ, ಬೋಳು ನೆಲ, ನೊರಜುಗಲ್ಲು. ಮಾಘ ಕಳೆಯುವ ಹೊತ್ತಿಗೆ ಅಲ್ಲಿ ಸಾವಿರಾರು ನದಿ ರೀವಗಳು ಬಂದು ಸೇರುತ್ತವೆ, ಆಮೇಲೆ ಮೊಟ್ಟೆ ಇಡುತ್ತವೆ. ಪೇಟೆಯಿಂದ ಕ್ಯಾಮೆರಾ ಹೊತ್ತು ಬರುವವರ ಬಾಯಲ್ಲೂ ದೋಣಿಯವರ ಬಾಯಲ್ಲೂ ಅದು ರಿವರ್ ಟರ್ನ್. ನಮ್ಮ ಪಕ್ಷಿ ಪುಸ್ತಕಗಳಲ್ಲಿ ರೀವ.

ನಡುಗಡ್ಡೆ ಹೇಗೆ ಹುಟ್ಟುತ್ತದೆ ಎಂಬುದೇ ಇಲ್ಲಿನ ಸ್ವಾರಸ್ಯ. ಭದ್ರಾ ಅಣೆಕಟ್ಟೆಯ ಕೆಲಸ ಶುರುವಾದದ್ದು 1947ರ ಸುಮಾರಿಗೆ, ಮುಗಿದದ್ದು 1960ರ ದಶಕದಲ್ಲಿ. ಗರಿಷ್ಠ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಘಟ್ಟದ ಮೇಲೆ ಸುರಿದದ್ದೆಲ್ಲ ಬಂದು ತುಂಬಿದಾಗ ಆ ದಿಬ್ಬ ನೀರಿನಡಿಗೆ ಹೋಗುತ್ತದೆ. ಚಳಿಗಾಲ ಕಳೆದು ಬೇಸಿಗೆ ಬೆಳೆಗೆ ಎಡದಂಡೆ, ಬಲದಂಡೆ ಕಾಲುವೆಗಳಲ್ಲಿ ನೀರು ಬಿಟ್ಟ ಮೇಲೆ ಮಟ್ಟ ದಿನದಿನವೂ ಇಳಿಯುತ್ತದೆ. ಒಂದು ದಿನ ದಿಬ್ಬದ ನೆತ್ತಿ ಕಾಣುತ್ತದೆ, ಆಮೇಲೆ ಹೆಗಲು, ಆಮೇಲೆ ಸುತ್ತಲಿನ ಇಳಿಜಾರು. ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದ ಕಡೆಯ ಗದ್ದೆಗಳು ಹಸಿರಾಗುತ್ತಾ ಹೋದಂತೆ ಲಕ್ಕವಳ್ಳಿಯಲ್ಲಿ ಹಕ್ಕಿಗಳಿಗೆ ನೆಲ ಒದಗುತ್ತದೆ. ಗೇಟು ಎತ್ತುವ ನೀರಾವರಿ ಸಿಬ್ಬಂದಿಯ ಲೆಕ್ಕದಲ್ಲಿ ಹಕ್ಕಿ ಇಲ್ಲ, ಹಕ್ಕಿಯ ಲೆಕ್ಕದಲ್ಲಿ ಭತ್ತ ಇಲ್ಲ. ಆದರೂ ಇಬ್ಬರ ಪಂಚಾಂಗವೂ ತಾಳೆಯಾಗಿ ನಡೆದುಕೊಂಡು ಬಂದಿದೆ.

ತುಂಗೆಯ ಮೇಲೂ ಒಂದು ಹಕ್ಕಿ ನಡುಗಡ್ಡೆ ಇದೆ, ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯ ಮಂಡಗದ್ದೆಯಲ್ಲಿ. ಬಸ್ಸಿನ ಕಿಟಕಿಯಿಂದಲೇ ಕಾಣುವಂಥದ್ದು. ಅದು ಮಳೆಗಾಲದ ನಡುಗಡ್ಡೆ. ಹೊಳೆ ಕೆಂಪಾಗಿ ಉಕ್ಕಿ, ಮರಗಳ ಬುಡ ಮುಳುಗಿ, ಕೊಂಬೆಗಳಷ್ಟೇ ಮೇಲೆ ನಿಂತಿರುವಾಗ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ನೆರೆ ಇದ್ದಷ್ಟೂ ಅವಕ್ಕೆ ಕ್ಷೇಮ. ಭದ್ರೆಯ ರೀವಗಳಿಗೆ ಮರ ಬೇಡ, ಗೂಡೂ ಬೇಡ. ಬರಿ ನೆಲದಲ್ಲಿ ಎದೆಯೊತ್ತಿ ಒಂದು ತಗ್ಗು ಮಾಡಿದರೆ ಆಯಿತು, ಅದೇ ಮನೆ. ಅವಕ್ಕೆ ಬೇಸಿಗೆಯೇ ಬೇಕು. ಅಕ್ಕತಂಗಿ ಹೊಳೆಗಳಲ್ಲಿ ಒಬ್ಬಳು ಮಳೆಗಾಲದ ಬಾಣಂತನ ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳು ಬೇಸಿಗೆಯದ್ದು.

ಲಕ್ಕವಳ್ಳಿ ಇರುವುದು ತರೀಕೆರೆ ತಾಲ್ಲೂಕಿನಲ್ಲಿ, ತರೀಕೆರೆ ಪೇಟೆಯಿಂದ ಸುಮಾರು 20 ಕಿಲೋಮೀಟರ್. ಕೊಪ್ಪ, ಶೃಂಗೇರಿಯ ಕಡೆಯವರು ಎನ್.ಆರ್.ಪುರದ ಮೇಲೆ ಹೋಗಬಹುದು, ಕಾಡಿನ ದಾರಿ. ನಾನು ಹೋದದ್ದು ಮಾರ್ಚಿನಲ್ಲಿ, ಜಯಪುರದ ಹತ್ತಿರ ತೋಟ ಮಾಡಿಕೊಂಡಿರುವ ಭಾವನ ಜೊತೆ. ಅಡಿಕೆ, ಕಾಫಿ, ಮೆಣಸು ಬಿಟ್ಟರೆ ಬೇರೆ ಯಾವುದಕ್ಕೂ ಸುಲಭದಲ್ಲಿ ಕಾರು ಹತ್ತುವ ಮನುಷ್ಯ ಅವರಲ್ಲ. "ಹಕ್ಕಿ ನೋಡಕ್ಕೆ ಅಷ್ಟು ದೂರ ಎಂತಕ್ಕೆ ಮಾರಾಯ, ನಮ್ಮ ತೋಟದಲ್ಲಿ ಕಡಿಮೆ ಉಂಟಾ?" ಎಂದು ಎನ್.ಆರ್.ಪುರ ದಾಟುವವರೆಗೂ ಹೇಳುತ್ತಲೇ ಇದ್ದರು. ಕಟ್ಟೆಯ ಹತ್ತಿರ ನೀರು ಕಂಡದ್ದೇ ವರಸೆ ಬದಲಾಯಿತು. "ಇದರಲ್ಲಿ ಅರ್ಧ ನಮ್ಮೂರಿಂದೇ ಕಣೋ."

ಅರ್ಧ ಎನ್ನುವುದು ಅಳಿಯತನದ ಉತ್ಪ್ರೇಕ್ಷೆ. ಕುದುರೆಮುಖ, ಕಳಸದ ಮಳೆಯ ಪಾಲೇ ಹೆಚ್ಚಿದ್ದೀತು. ಇರಲಿ.

ದೋಣಿ ಎಂದರೆ ಹುಟ್ಟು ಹಾಕುವ ದೋಣಿಯಲ್ಲ, ಮೋಟಾರಿನದು. ಕಿತ್ತಳೆ ಬಣ್ಣದ ಜಾಕೆಟ್ ಕಟ್ಟಿಕೊಳ್ಳದೆ ಹತ್ತಲು ಬಿಡುವುದಿಲ್ಲ. ಹಿನ್ನೀರಿನ ದೋಣಿ ಎಂದಾಗ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಸಿಗಂದೂರಿನ ಲಾಂಚು. ಬಸ್ಸು, ಜೀಪುಗಳನ್ನೇ ಹೊತ್ತು ಶರಾವತಿ ದಾಟಿಸುತ್ತಿದ್ದ ಆ ಲಾಂಚಿನ ಜಾಗಕ್ಕೆ 2025ರ ಜುಲೈನಲ್ಲಿ ಸೇತುವೆ ಬಂತು. ಇಲ್ಲಿ ಆಚೆ ದಡ ಮುಟ್ಟುವ ಪ್ರಶ್ನೆಯೇ ಇಲ್ಲ. ಆಚೆ ದಡ ಹುಲಿಗಳದ್ದು.

ಮೊದಲ ಕಾಲು ಗಂಟೆ ಏನೂ ಆಗುವುದಿಲ್ಲ, ಅದೇ ಚೆನ್ನ. ಮುಳುಗಿ ಸತ್ತು ಹೋದ ಮರಗಳು ನೀರಿನ ಮಧ್ಯೆ ಇನ್ನೂ ನೆಟ್ಟಗೆ ನಿಂತಿವೆ. ಅವುಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ. ದಡದ ಹುಲ್ಲಿಗೆ ಇಳಿಹೊತ್ತಿನಲ್ಲಿ ಆನೆ, ಕಾಟಿ, ಜಿಂಕೆ ಬರುವುದುಂಟು. ಅದೃಷ್ಟವಿದ್ದರೆ ನೀರುನಾಯಿಗಳ ಸಂಸಾರ. ಭಾವ ಆನೆ ಕಂಡು ಖುಷಿಪಡಲಿಲ್ಲ. ತೋಟಕ್ಕೆ ಆನೆ ಬರುವ ಕಾಲದಲ್ಲಿ ಮಲೆನಾಡಿಗರ ಕಣ್ಣಿಗೆ ಆನೆ ದೂರ ಇದ್ದಷ್ಟೇ ಚೆಂದ.

ನಡುಗಡ್ಡೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಹತ್ತಿರವಾದಾಗ ದೋಣಿಯವರು ಮೋಟಾರು ಇಳಿಸಿ, ತೇಲಲು ಬಿಟ್ಟರು. ಕಪ್ಪು ಟೋಪಿ, ಹಳದಿ ಕೊಕ್ಕು, ಬೂದು ಬೆನ್ನು, ಕವಲಾದ ಉದ್ದ ಬಾಲ. ಎದ್ದರೆ ಒಂದೇ ಸಲ ನೂರಾರು ಏಳುತ್ತವೆ, ತಿರುಗಿ ತಮ್ಮತಮ್ಮ ತಗ್ಗಿಗೇ ಇಳಿಯುತ್ತವೆ. ಆ ಸಂತೆಯಲ್ಲಿ ತನ್ನ ಮೊಟ್ಟೆ ಯಾವುದೆಂದು ಹೇಗೆ ಗೊತ್ತಾಗುತ್ತದೋ! ಮೊಟ್ಟೆಗಳು ಎರಡು ಅಥವಾ ಮೂರು, ಕಲ್ಲಿನ ಬಣ್ಣ, ಮೇಲೆ ಕಂದು ಚುಕ್ಕಿ. ಬೈನಾಕ್ಯುಲರ್ ಹಿಡಿದು ಬೆರಳು ತೋರಿಸಿ ಹೇಳಿದರೂ ಭಾವನಿಗೆ ಕಾಣಲಿಲ್ಲ. ನಮ್ಮ ಕಣ್ಣಿಗೆ ಕಾಣದ್ದು ಹದ್ದಿಗೂ ಕಾಗೆಗೂ ಕಾಣಬಾರದೆಂದೇ ಆ ಬಣ್ಣ.

ಗಂಡು ಹಕ್ಕಿ ಮೀನು ತಂದು ಹೆಣ್ಣಿಗೆ ಕೊಡುವ ನೋಟ ಹೆಚ್ಚಿನ ಫೋಟೋಗಳ ವಿಷಯ. ನನಗೆ ಹೆಚ್ಚು ಹಿಡಿಸಿದ್ದು ಬಿಸಿಲಿನ ಹೊತ್ತಿನ ದುಡಿಮೆ. ಫಾಲ್ಗುಣ–ಚೈತ್ರದ ಬಿಸಿಲಿಗೆ ಆ ಬೋಳು ನೆಲ ಕಾದ ಕಾವಲಿ. ಮೊಟ್ಟೆಗೆ ಕಾವು ಕೊಡುವುದಕ್ಕಿಂತ ಅದು ಬೇಯದಂತೆ ಕಾಯುವುದೇ ಕಷ್ಟ. ತಾಯಿಯೋ ತಂದೆಯೋ ಮೊಟ್ಟೆಯ ಮೇಲೆ ಕೂರದೆ ನಿಲ್ಲುತ್ತದೆ, ಮೈಯ ನೆರಳನ್ನೇ ಕೊಡೆ ಮಾಡಿ. ಆಗಾಗ ಹಾರಿಹೋಗಿ ನೀರಿಗೆ ಹೊಟ್ಟೆ ತಾಗಿಸಿ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ದೋಣಿ ತೀರ ಹತ್ತಿರ ಹೋಗಿ ಹಕ್ಕಿಗಳು ಎದ್ದರೆ ಎಲ್ಲರಿಗೂ ಒಳ್ಳೆಯ ಫೋಟೋ ಸಿಗುತ್ತದೆ, ಮೊಟ್ಟೆಗೆ ಬಿಸಿಲು ಸಿಗುತ್ತದೆ. "ಇನ್ನೂ ಹತ್ತಿರ ಹೋಗಿ" ಎಂದು ದೋಣಿಯವರನ್ನು ಒತ್ತಾಯಿಸುವವರು ಇದನ್ನು ಸ್ವಲ್ಪ ನೆನೆಯಬೇಕು. ನಮ್ಮ ದೋಣಿಯಲ್ಲೂ ಅಂಥವರಿದ್ದರು. ದೋಣಿಯವರು ಕೇಳಿಸದ ಹಾಗೆ ಇದ್ದರು, ಪುಣ್ಯ.

ರೀವಗಳ ಜೊತೆಗೆ ಅದೇ ನೆಲದಲ್ಲಿ, ಇನ್ನೂ ಚಿಕ್ಕದಾಗಿ, ಇನ್ನೂ ಮಣ್ಣಿನ ಬಣ್ಣದಲ್ಲಿ ಸಣ್ಣ ಪ್ರಾಟಿನ್ಕೋಲ್ ಎಂಬ ಹಕ್ಕಿಗಳೂ ಮರಿ ಮಾಡುತ್ತವೆ. ಯಾರೂ ಅವುಗಳನ್ನು ನೋಡಲು ಬರುವುದಿಲ್ಲ.

ನದಿ ರೀವ ಒಂದು ಕಾಲಕ್ಕೆ ಸಿಂಧೂವಿನಿಂದ ಮೆಕಾಂಗ್‌ವರೆಗೆ ದೊಡ್ಡ ಹೊಳೆಗಳ ಮರಳುದಿಬ್ಬಗಳಲ್ಲೆಲ್ಲ ಇದ್ದ ಹಕ್ಕಿ. ಆಗ್ನೇಯ ಏಷ್ಯಾದಲ್ಲಿ ಈಗ ಬಹಳ ಅಪರೂಪ. ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅಪಾಯಕ್ಕೆ ಸಿಕ್ಕ ಪ್ರಭೇದ ಎಂದು ಸೇರಿದೆ. ಕಾರಣಗಳಲ್ಲಿ ಮುಖ್ಯವಾದವು ಮರಳು ತೆಗೆಯುವುದು, ದಿಬ್ಬಗಳಲ್ಲಿ ಜನ–ದನ–ನಾಯಿಗಳ ಓಡಾಟ, ಮತ್ತು ಅಣೆಕಟ್ಟೆಗಳು. ಹೊಳೆಯ ಲಯ ತಪ್ಪಿ, ಗೂಡಿನ ಕಾಲದಲ್ಲಿ ನೀರು ನುಗ್ಗಿದರೆ ಇಡೀ ವರ್ಷದ ಮರಿಗಳು ಕೊಚ್ಚಿಹೋಗುತ್ತವೆ. ಎಲ್ಲೆಡೆ ಹಕ್ಕಿಯ ಮನೆ ಮುಳುಗಿಸಿದ ಅಣೆಕಟ್ಟೆ ಲಕ್ಕವಳ್ಳಿಯಲ್ಲಿ ಮನೆ ಕಟ್ಟಿಕೊಟ್ಟಿದೆ. ಇದನ್ನು ಹೊಗಳಿಕೆ ಎಂದು ಯಾರೂ ತೆಗೆದುಕೊಳ್ಳಬೇಕಿಲ್ಲ, ಯಾಕೆಂದರೆ ಈ ಮನೆಗೆ ಹಕ್ಕುಪತ್ರವಿಲ್ಲ. ಕಟ್ಟೆ ಭರ್ತಿಯಾದ ವರ್ಷ ದಿಬ್ಬ ತಡವಾಗಿ ಏಳುತ್ತದೆ. ಮಳೆ ಕೈಕೊಟ್ಟ ವರ್ಷ ನೀರು ತೀರ ಇಳಿದು ದಡಕ್ಕೂ ದಿಬ್ಬಕ್ಕೂ ನಡುವಿನ ಕಂದಕ ತೆಳುವಾಗುತ್ತದೆ. ಮುಂಗಾರು ಮುಂಚೆಯೇ ಜೋರಾದರೆ, ಇನ್ನೂ ಹಾರಲು ಬಾರದ ಮರಿಗಳ ಕಾಲಬುಡಕ್ಕೆ ನೀರು ಬರುತ್ತದೆ.

ಮುಂದೆ ಇನ್ನೊಂದು ಲೆಕ್ಕವೂ ಸೇರಲಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಎನ್.ಆರ್.ಪುರ ತಾಲ್ಲೂಕಿನ ಮುತ್ತಿನಕೊಪ್ಪದ ಬಳಿ ತುಂಗೆಯಿಂದ 17.4 ಟಿಎಂಸಿ ನೀರೆತ್ತಿ ಭದ್ರೆಗೆ ತರುವುದು, ಭದ್ರೆಯಿಂದ 29.9 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಬಯಲಿಗೆ ಕೊಡುವುದು ಎಂದು ನಿಗದಿಯಾಗಿದೆ. ಮೇಗುಂದದ ಗುಡ್ಡದ ನೆತ್ತಿಯಲ್ಲಿ ಬೇರೆಯಾದ ಮಳೆಹನಿಗಳು ಇನ್ನು ಕೂಡ್ಲಿಯವರೆಗೂ ಕಾಯಬೇಕಿಲ್ಲ, ಪಂಪಿನಲ್ಲೇ ಕೂಡುತ್ತವೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದನ್ನು ಅಲ್ಲಗಳೆಯುವ ಮಾತು ಇದಲ್ಲ. ಆದರೆ ಯಾವ ತಿಂಗಳು ಎಷ್ಟು ಅಡಿ ಎಂಬ ವೇಳಾಪಟ್ಟಿ ಬರೆಯುವಾಗ ಫೆಬ್ರವರಿಯಿಂದ ಮೇ ಕೊನೆಯವರೆಗಿನ ಕಾಲಮ್ಮಿನಲ್ಲಿ ಒಂದು ಹಕ್ಕಿಗೂ ಜಾಗವಿರಲಿ ಎಂದು ಕೇಳುವುದು ದೊಡ್ಡ ಬೇಡಿಕೆ ಏನಲ್ಲ.

ಹಿನ್ನೀರಿನ ನಿಶ್ಶಬ್ದವನ್ನು ಹೊಗಳದೆ ಯಾರೂ ಹಿಂತಿರುಗುವುದಿಲ್ಲ. ಆ ನಿಶ್ಶಬ್ದ ತಾನಾಗಿ ಬಂದದ್ದಲ್ಲ ಎನ್ನುವುದು ನಮ್ಮ ಕಡೆಯ ಹಳಬರಿಗೆ ಗೊತ್ತು. ಈ ನೀರಿನಡಿ ಗದ್ದೆಗಳಿವೆ, ಮನೆಗಳ ಪಂಚಾಂಗಗಳಿವೆ, ಕೂಡುದಾರಿಗಳಿವೆ. ತರೀಕೆರೆಯಿಂದ ಎನ್.ಆರ್.ಪುರಕ್ಕೆ ಒಂದು ಕಾಲದಲ್ಲಿ ಕಿರಿದಾದ ಹಳಿಯ ಪುಟ್ಟ ರೈಲು ಓಡುತ್ತಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಅಣೆಕಟ್ಟೆಗೆ ಊರು ಬಿಟ್ಟವರ ಮಾತು ಎನ್.ಆರ್.ಪುರ, ಭದ್ರಾವತಿಯ ಕಡೆ ಇನ್ನೂ ಬಿಸಿಯಾಗಿಯೇ ಇದೆ. ಆಮೇಲೆ ಕಾಡಿನ ಸರದಿ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಶುರುವಾದದ್ದು 1974ರಲ್ಲಿ ಭದ್ರಾ ವನ್ಯಜೀವಿಧಾಮವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ಹಳ್ಳಿಗಳ 419 ಕುಟುಂಬಗಳು 2002ರ ಹೊತ್ತಿಗೆ ಹೊರಬಂದು ತರೀಕೆರೆ ಬಳಿಯ ಎಂ.ಸಿ.ಹಳ್ಳಿಯಲ್ಲಿ, ಮೂಡಿಗೆರೆ ಕಡೆಯ ಕೆಳಗೂರಿನಲ್ಲಿ ನೆಲೆಗೊಂಡವು. ರಸ್ತೆಯಿಲ್ಲದೆ, ಆಸ್ಪತ್ರೆಯಿಲ್ಲದೆ, ಬೆಳೆಗೆ ಆನೆಯ ಕಾಟದಲ್ಲಿ ಸೋತಿದ್ದ ಹಲವರು ತಾವಾಗಿಯೇ ಕೇಳಿಕೊಂಡು ಬಂದದ್ದರಿಂದಲೂ, ನೆಲಕ್ಕೆ ನೆಲ ಸಿಕ್ಕಿದ್ದರಿಂದಲೂ ಇದನ್ನು ದೇಶದಲ್ಲೇ ಮಟ್ಟಸವಾಗಿ ನಡೆದ ಸ್ಥಳಾಂತರ ಎಂದು ಹೇಳುವುದುಂಟು. ಹಾಗೆ ಹೇಳಬಹುದಾದ ಉದಾಹರಣೆ ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. ಆದರೂ ದೋಣಿಯಲ್ಲಿ ಕೂತು ಆಚೆ ದಡ ನೋಡುವಾಗ, ಅಲ್ಲಿ ಯಾರದ್ದೋ ಅಡಿಕೆಮರ ಕಾಡಿನ ನಡುವೆ ಒಂಟಿಯಾಗಿ ನಿಂತಿರಬಹುದು ಎಂದು ಭಾವ ಅಂದದ್ದು ಸರಿ ಅನ್ನಿಸಿತು.

ಉಳಿಯಬೇಕೆಂದರೆ ಹಿನ್ನೀರಿನ ದಂಡೆಯಲ್ಲೇ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. ಕಂಬಗಳ ಮೇಲೆ ನಿಂತ ಕುಟೀರಗಳು, ದಿಬ್ಬದಿಂದ ದಿಬ್ಬಕ್ಕೆ ತೂಗುಸೇತುವೆ. ನಮ್ಮ ಹಳ್ಳಗಳ ಕಾಲುಸಂಕ ದಾಟಿ ಬೆಳೆದವರಿಗೆ ಅದರ ಮೇಲೆ ಸೆಲ್ಫಿ ತೆಗೆಯುವವರನ್ನು ನೋಡಿದರೆ ನಗು ಬರುತ್ತದೆ. ಊಟ, ವಸತಿ, ದೋಣಿ, ಜೀಪಿನ ಸಫಾರಿ ಎಲ್ಲ ಸೇರಿಸಿದ ಬಾಡಿಗೆ. ಅಡಿಕೆಗೆ ದರ ಇರುವ ವರ್ಷ ಯೋಚಿಸಬಹುದು. ದೋಣಿ ಬೆಳಿಗ್ಗೆ ಮತ್ತು ಇಳಿಹೊತ್ತಿಗೆ ಹೊರಡುತ್ತದೆ. ಹಕ್ಕಿಯ ಕೆಲಸ ನೋಡಬೇಕಾದವರಿಗೆ ಬೆಳಗಿನದೇ ಮೇಲು, ಬೆಳಕು ಹಿಂದಿನಿಂದ ಬಂದು ಕಣ್ಣು ಕುಕ್ಕುವುದಿಲ್ಲ, ಗಾಳಿಯೂ ಕಡಿಮೆ.

ಹೊರಡುವ ಕಾಲ ಶಿವರಾತ್ರಿಯ ನಂತರ, ರೋಹಿಣಿ ಮಳೆಯ ಒಳಗೆ. ಶಿವರಾತ್ರಿಯ ಸುಮಾರಿಗೆ ಜೋಡಿಗಳ ಸಂಭ್ರಮ, ಯುಗಾದಿಯ ಹೊತ್ತಿಗೆ ಮೊಟ್ಟೆ, ಏಪ್ರಿಲ್ ಕಳೆದರೆ ಓಡಾಡುವ ಮರಿಗಳು. ಹಾರುವ ವಯಸ್ಸಿಗೆ ಬರಲು ಮರಿಗೆ ಸುಮಾರು ಒಂದು ತಿಂಗಳು ಬೇಕು. ಮೃಗಶಿರ ಹಿಡಿದ ಮೇಲೆ ಹೋಗಿ ಪ್ರಯೋಜನವಿಲ್ಲ. ಹೊರಡುವ ಮುಂಚೆ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ನೋಡಿಕೊಳ್ಳಿ. ಭದ್ರಾ ಎದುರಿನ ಅಂಕಿ 186ಕ್ಕೆ ಹತ್ತಿರವಿದ್ದರೆ ಇನ್ನೊಂದಿಷ್ಟು ದಿನ ಕಾಯುವುದು ಒಳ್ಳೆಯದು. ಭಾವ ಈಗ ಅಡಿಕೆ ಧಾರಣೆಯ ಜೊತೆಗೆ ಆ ಅಂಕಿಯನ್ನೂ ನೋಡಿ ಫೋನು ಮಾಡುತ್ತಾರೆ.